ಸ್ಟಿಕ್ಕರ್ ನೋಡಿ ಲ್ಯಾಪ್‌ಟಾಪ್ ಕೊಳ್ಳಬೇಡಿ



ಹನ್ನೆರಡನೇ ತರಗತಿಯ ಫಲಿತಾಂಶ ಬಂದು ಮಕ್ಕಳು ಕಾಲೇಜು ಸೇರುವ ಹೊತ್ತಿಗೆ, ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಹಾಡಿನ ಕೋರಿಕೆಯ ಜೊತೆ ಇನ್ನೊಂದು ಪ್ರಶ್ನೆಯೂ ಬರುತ್ತದೆ. "ಮಗಳಿಗೆ ಲ್ಯಾಪ್‌ಟಾಪ್ ಕೊಡಿಸಬೇಕು. ಇಂಟೆಲ್ ತಗೊಳ್ಳೋದಾ, ಎಎಂಡಿ ತಗೊಳ್ಳೋದಾ?" ಮುಂಬೈಯ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯ ನೆಹರು ಪ್ಲೇಸ್, ಚೆನ್ನೈನ ರಿಚ್ಚಿ ಸ್ಟ್ರೀಟ್, ಎಲ್ಲೇ ಹೋಗಿ, ಹಿಂದಿಯಲ್ಲೋ ತಮಿಳಿನಲ್ಲೋ ಬರುವ ಸಲಹೆ ಸಾಮಾನ್ಯವಾಗಿ ಒಂದೇ: ಐ5ಕ್ಕಿಂತ ಐ7 ದೊಡ್ಡದು, ಸ್ವಲ್ಪ ಹೆಚ್ಚು ಕೊಟ್ಟರೂ ಪರವಾಗಿಲ್ಲ. ಆ "ಸ್ವಲ್ಪ" ಅಂದರೆ ಎಷ್ಟೋ ಮನೆಗಳಲ್ಲಿ ಒಂದು ತಿಂಗಳ ಬಾಡಿಗೆ. ಹಾಗಾಗಿ ಹಣ ಎಣಿಸುವ ಮೊದಲು ಇದನ್ನು ಓದಿ.

ಮೊದಲು ಒಂದು ಭಯ ಬಿಡಿ. ಎಎಂಡಿ ತೆಗೆದುಕೊಂಡರೆ ಸಾಫ್ಟ್‌ವೇರ್ ಓಡುವುದಿಲ್ಲ ಎನ್ನುವುದು ನಿಜವಲ್ಲ. ಐಬಿಎಂ ಕಂಪನಿ 1981ರಲ್ಲಿ ತನ್ನ ಪಿಸಿಗೆ ಇಂಟೆಲ್‌ನ ಚಿಪ್ ಆರಿಸಿಕೊಂಡಾಗ, ಒಬ್ಬರನ್ನೇ ನಂಬಿ ಕೂರಲು ಅದಕ್ಕೆ ಇಷ್ಟವಿರಲಿಲ್ಲ. ಹಾಗಾಗಿ 1982ರ ಒಪ್ಪಂದದಂತೆ ಅದೇ ಬಗೆಯ ಚಿಪ್ ಮಾಡುವ ಅವಕಾಶ ಎಎಂಡಿಗೂ ಸಿಕ್ಕಿತು. ಮುಂದೆ 2003ರಲ್ಲಿ ಇದರ 64 ಬಿಟ್ ರೂಪವನ್ನು ಮೊದಲು ತಂದದ್ದು ಎಎಂಡಿಯೇ, ಇಂಟೆಲ್ ಆಮೇಲೆ ಅದನ್ನು ಅನುಸರಿಸಿತು. ಪುಣೆಯ ಕೇಳುಗರಿಗೆ ಒಂದು ಖುಷಿಯ ಸಂಗತಿ: ಪೆಂಟಿಯಂನ ಪಿತಾಮಹ ಎಂದು ಹೆಸರಾದ ವಿನೋದ್ ಧಾಮ್ ಹುಟ್ಟಿದ್ದು ನಿಮ್ಮೂರಿನಲ್ಲಿ. ಇಂಟೆಲ್ ಬಿಟ್ಟ ಮೇಲೆ ಎಎಂಡಿಯ ಕೆ6 ಪ್ರೊಸೆಸರ್‌ಗೂ ದುಡಿದವರು ಅವರು!

ಹಾಗಾದರೆ ನೋಡಬೇಕಾದದ್ದು ಏನು? ಸ್ಟಿಕ್ಕರ್ ಮೇಲಿನ ಐ5, ಐ7 ಅಲ್ಲ, ಅದರ ಹಿಂದಿರುವ ಪೂರ್ತಿ ಸಂಖ್ಯೆ ಮತ್ತು ಕೊನೆಯ ಅಕ್ಷರ. 2022ರಲ್ಲಿ ಬಂದ ಇಂಟೆಲ್ ಚಿಪ್‌ಗಳನ್ನೇ ತೆಗೆದುಕೊಳ್ಳಿ. ಪ್ರೊಸೆಸರ್ ಒಳಗೆ ಕೆಲಸ ಮಾಡುವ ಘಟಕಗಳಿಗೆ ಕೋರ್ ಎನ್ನುತ್ತಾರೆ. ನಮ್ಮ ಗ್ಯಾಸ್ ಒಲೆಯಲ್ಲಿ ದೊಡ್ಡ ಬರ್ನರ್, ಚಿಕ್ಕ ಬರ್ನರ್ ಇರುವ ಹಾಗೆ ಇದರಲ್ಲೂ ದೊಡ್ಡ ಕೋರ್, ಚಿಕ್ಕ ಕೋರ್ ಇವೆ. ಐ7-1255ಯು ಚಿಪ್‌ನಲ್ಲಿ ದೊಡ್ಡವು 2, ಚಿಕ್ಕವು 8. ಐ5-1235ಯು ತೆಗೆದು ನೋಡಿದರೆ ಅಲ್ಲೂ ದೊಡ್ಡವು 2, ಚಿಕ್ಕವು 8! ವ್ಯತ್ಯಾಸವಿರುವುದು ಮುಖ್ಯವಾಗಿ ವೇಗದಲ್ಲಿ, ಅದೂ ಗರಿಷ್ಠ 4.7 ಗಿಗಾಹರ್ಟ್ಸ್‌ಗೂ 4.4ಕ್ಕೂ ಇರುವಷ್ಟು. ಅದೇ ಐ5-12500ಎಚ್‌ನಲ್ಲಿ ದೊಡ್ಡ ಕೋರ್‌ಗಳೇ 4, ಜೊತೆಗೆ ಚಿಕ್ಕವು 8. ಭಾರಿ ಕೆಲಸಕ್ಕೆ ಹಚ್ಚಿದರೆ ಈ "ಚಿಕ್ಕ" ಐ5 ಆ "ದೊಡ್ಡ" ಐ7 ಅನ್ನು ಹಿಂದೆ ಹಾಕುತ್ತದೆ.

ಗುಟ್ಟು ಇರುವುದು ಆ ಕೊನೆಯ ಅಕ್ಷರದಲ್ಲಿ. "ಯು" ಎಂದರೆ 15 ವಾಟ್ ಲೆಕ್ಕದಲ್ಲಿ ಮಾಡಿದ್ದು, ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ, ಯಂತ್ರ ಹಗುರ. "ಎಚ್" ಎಂದರೆ 45 ವಾಟ್, ಶಕ್ತಿ ಹೆಚ್ಚು, ಬಿಸಿಯೂ ಹೆಚ್ಚು, ಫ್ಯಾನ್ ಸದ್ದೂ ಹೆಚ್ಚು. ಬಿ.ಕಾಂ. ಓದುವ ಮಗಳು ಲೋಕಲ್ ಟ್ರೇನಿನಲ್ಲಿ ಹೊತ್ತು ತಿರುಗುವುದಾದರೆ ಯು ಧಾರಾಳ ಸಾಕು. ವಿಡಿಯೋ ಎಡಿಟಿಂಗ್, ಆರ್ಕಿಟೆಕ್ಚರ್, ಎಂಜಿನಿಯರಿಂಗ್ ಡ್ರಾಯಿಂಗ್ ಎಂದರೆ ಎಚ್ ಕಡೆ ನೋಡಿ. ತೀರಾ ತೆಳ್ಳನೆಯ ಯಂತ್ರದಲ್ಲಿ ಎಚ್ ಹಾಕಿದ್ದರೆ ಮಾತ್ರ ಸ್ವಲ್ಪ ಯೋಚಿಸಿ. ಬಿಸಿ ಹೊರಹೋಗಲು ದಾರಿಯಿಲ್ಲದಿದ್ದರೆ ಚಿಪ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ, ಕೊಟ್ಟ ಹಣ ಕೆಲಸಕ್ಕೆ ಬರುವುದಿಲ್ಲ.

ಎಎಂಡಿಯವರೇನು ಕಡಿಮೆಯಿಲ್ಲ. ಅವರ 7000 ಸರಣಿಯ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಮೂರನೇ ಅಂಕಿ ನೋಡಬೇಕು. ರೈಜನ್ 5 7520ಯು ಎಂದರೆ ಆ "2" ಹೇಳುವುದು ಜೆನ್ 2 ಎಂಬ, 2019ರಲ್ಲಿ ಮೊದಲು ಬಂದ ವಿನ್ಯಾಸವನ್ನು. ಕೋರ್ ಬರೀ 4. 7530ಯು ಆದರೆ ಜೆನ್ 3, 7540ಯು ಆದರೆ ಜೆನ್ 4, ಎರಡರಲ್ಲೂ 6 ಕೋರ್. ಮೂರೂ ಪೆಟ್ಟಿಗೆಗಳ ಮೇಲೆ ಇರುವುದು "ರೈಜನ್ 5" ಎಂಬ ಒಂದೇ ಹೆಸರು. 2024ರಲ್ಲಿ ಬಂದ ರೈಜನ್ ಎಐ ಸರಣಿಗೆ ಈ ಲೆಕ್ಕ ಹೊಂದುವುದಿಲ್ಲ. ಇಂಟೆಲ್ ಕೂಡ 2023ರ ಡಿಸೆಂಬರಿನಲ್ಲಿ ಕೋರ್ ಅಲ್ಟ್ರಾ ತಂದು ಹೊಸ ಚಿಪ್‌ಗಳ ಹೆಸರಿನಿಂದ "ಐ" ತೆಗೆಯತೊಡಗಿತು. ಹೆಸರು ಹೊಸದಾದ ಮಾತ್ರಕ್ಕೆ ಒಳಗಿನದೂ ಹೊಸದು ಅಂದುಕೊಳ್ಳಬೇಡಿ. 2024ರ ಕೋರ್ 5 120ಯು ಒಳಗಿರುವುದು 13ನೇ ಪೀಳಿಗೆಯ ವಿನ್ಯಾಸವೇ.

ಇನ್ನು ಕ್ವಾಲ್‌ಕಾಂನ ಸ್ನಾಪ್‌ಡ್ರಾಗನ್ ಎಕ್ಸ್. 2024ರ ಜೂನ್‌ನಿಂದ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಬರುತ್ತಿದೆ. ಬ್ಯಾಟರಿ ಚೆನ್ನಾಗಿ ಬಾಳುತ್ತದೆ. ಆದರೆ ಇದು ಬೇರೆಯೇ ಜಾತಿಯದು. ಇಂಟೆಲ್ ಬಗೆಯ ಚಿಪ್‌ಗೆ ಬರೆದ ತಂತ್ರಾಂಶವನ್ನು ಒಳಗೊಳಗೇ ಅನುವಾದ ಮಾಡಿಕೊಂಡು ಓಡಿಸುತ್ತದೆ. ಹಳೆಯ ಪ್ರಿಂಟರ್, ಸ್ಕ್ಯಾನರ್‌ಗಳ ಡ್ರೈವರ್‌ಗೆ ಮಾತ್ರ ಆ ಅನುವಾದ ನಡೆಯುವುದಿಲ್ಲ. ನುಡಿ, ಬರಹ ಬಳಸುವವರು, ಕಾಲೇಜಿನವರು ಇಂಥದೇ ತಂತ್ರಾಂಶ ಬೇಕೆಂದು ಹೇಳಿರುವವರು ಅಂಗಡಿಯಲ್ಲೇ ಹಾಕಿಸಿ, ಓಡುವುದನ್ನು ಕಣ್ಣಾರೆ ನೋಡಿ.

ಐ7ಗೆ ಕೊಡಬೇಕೆಂದಿದ್ದ ಹಣ ಉಳಿಯಿತಲ್ಲ, ಅದನ್ನು ಮೆಮೊರಿಗೆ ಹಾಕಿ. 8 ಜಿಬಿಯ ಐ7ಗಿಂತ 16 ಜಿಬಿಯ ಐ5 ದಿನನಿತ್ಯದ ಕೆಲಸಕ್ಕೆ ಹಿತ. ಮೆಮೊರಿಯನ್ನು ಮುಂದೆ ಹೆಚ್ಚಿಸಬಹುದೇ ಎಂದೂ ಕೇಳಿ. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಮತ್ತೆ ಸೇರಿಸುವ ಮಾತೇ ಇಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದು ಮಾತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕಲು ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ಪೀಳಿಗೆಯಾದರೂ ಇರಬೇಕು. "ಐ7 ಇದೆ, ಅಗ್ಗಕ್ಕೆ ಕೊಡುತ್ತೇನೆ" ಎಂದು ಯಾರಾದರೂ 6ನೇ ಪೀಳಿಗೆಯದನ್ನು ತೋರಿಸಿದರೆ ಕೈಮುಗಿದು ಮುಂದೆ ಹೋಗಿ.

ಪೂರ್ತಿ ಸಂಖ್ಯೆ ಕಂಡುಹಿಡಿಯುವುದು ಕಷ್ಟವಲ್ಲ. ಅಂಗಡಿಯಲ್ಲಿ ಲ್ಯಾಪ್‌ಟಾಪ್ ಆನ್ ಮಾಡಿಸಿ, ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರಲ್ಲಿ ಅಬೌಟ್ ತೆರೆದರೆ ಪ್ರೊಸೆಸರ್ ಹೆಸರು, ಮೆಮೊರಿ ಎರಡೂ ಕಾಣುತ್ತವೆ. ಅಲ್ಲಿ ಕಂಡದ್ದನ್ನು ಕೊನೆಯ ಅಕ್ಷರದ ಸಮೇತ ಬಿಲ್‌ನಲ್ಲಿ ಬರೆಸಿಕೊಂಡು, ಆಮೇಲೆ ಹಣ ಕೊಡಿ.