ಎಲ್ಲರ ಬಿಲ್ಲಿನಲ್ಲೂ ಸೆಸ್ಕ್: ವಿದ್ಯುತ್ ಮಾರುಕಟ್ಟೆಯ ಪಾಠ

ಅರಸೀಕೆರೆಯ ಪ್ರೌಢಶಾಲೆಯೊಂದರಲ್ಲಿ ಹತ್ತನೆಯ ತರಗತಿಗೆ ವಿದ್ಯುತ್ ವಲಯದ ಸುಧಾರಣೆಯನ್ನು ಬೋಧನಾಭ್ಯಾಸದ ಪಾಠವಾಗಿ ಆರಿಸಿಕೊಂಡಿದ್ದೆ. ಮಕ್ಕಳು ಮನೆಯಿಂದ ಕರೆಂಟ್ ಬಿಲ್ ತಂದಿದ್ದರು. ಮೊದಲು ಕೆಇಬಿ ಒಂದೇ ಇತ್ತು, ಈಗ ಹಲವು ಕಂಪನಿಗಳಿವೆ, ಪೈಪೋಟಿ ಇದೆ ಎಂದು ಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗಿ ಎದ್ದು, "ಮಿಸ್, ಎಲ್ಲರ ಬಿಲ್ಲಲ್ಲೂ ಸೆಸ್ಕ್ ಅಂತಲೇ ಇದೆ. ಪೈಪೋಟಿ ಎಲ್ಲಿ?" ಎಂದಳು. ನಾಳೆ ನೋಡೋಣ ಎಂದು ಜಾರಿಕೊಂಡೆ. ಆ ಪ್ರಶ್ನೆಯಿಂದಲೇ ಪಾಠ ಆರಂಭಿಸಿ ಎಂದು ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಬರೆದರು.

ಉತ್ತರ ಹುಡುಕಿದಾಗ ನನ್ನ ತಪ್ಪು ತಿಳಿಯಿತು. 1999ರ ಸುಧಾರಣಾ ಕಾಯ್ದೆಯ ನಂತರ ಕೆಇಬಿಯ ಜಾಗಕ್ಕೆ ಕೆಪಿಟಿಸಿಎಲ್ ಬಂತು, ದರ ನಿಗದಿಗೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಬಂತು. 2002ರಲ್ಲಿ ವಿತರಣೆ ನಾಲ್ಕು ಕಂಪನಿಗಳಿಗೆ ಹೋಯಿತು. ಮೊದಲು ಮೆಸ್ಕಾಂನಲ್ಲಿದ್ದ ಹಾಸನ ಜಿಲ್ಲೆ 2005ರಲ್ಲಿ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ, ಅಂದರೆ ಸೆಸ್ಕ್‌ಗೆ ಸೇರಿತು. ಇದು ಊರು ಹಂಚಿಕೊಂಡದ್ದೇ ಹೊರತು ಪೈಪೋಟಿಯಲ್ಲ. ಒಂದೇ ಬೀದಿಯಲ್ಲಿ ಎರಡು ಕಂಪನಿಗಳ ಕಂಬ ನೆಡುವುದು ದುಡ್ಡು ದಂಡ. ಆದ್ದರಿಂದ ತಂತಿ ಒಬ್ಬರ ಕೈಯಲ್ಲೇ ಇದ್ದು, ಅದರ ದರವನ್ನು ಆಯೋಗ ನೋಡಿಕೊಳ್ಳುತ್ತದೆ. ಪೈಪೋಟಿ ಇರುವುದು ಆ ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ಮಾರುವವರ ನಡುವೆ.

ಮರುದಿನ ಕೊಬ್ಬರಿ ಟೆಂಡರಿನಿಂದ ಶುರುಮಾಡಿದೆ. ಅರಸೀಕೆರೆಯ ಮಕ್ಕಳಿಗೆ ಅದನ್ನು ವಿವರಿಸಬೇಕಾಗಿಲ್ಲ. ಮೂವರನ್ನು ಉತ್ಪಾದಕರಾಗಿಸಿ ಚೀಟಿ ಬರೆಸಿದೆ: ತಲಾ 10 ಯೂನಿಟ್, ದರ 2.50, 3.50, 5 ರೂಪಾಯಿ. ಬೇಕಾದದ್ದು 25 ಯೂನಿಟ್. ಅಗ್ಗದ ಚೀಟಿಯಿಂದ ಏರುತ್ತ ಹೋದರೆ ಕೊನೆಗೆ 5 ರೂಪಾಯಿಯದೂ ಬೇಕಾಗುತ್ತದೆ. ಆಗ ಮೂವರಿಗೂ 5 ರೂಪಾಯಿಯೇ!

ತರಗತಿ ಗಲಾಟೆ ಎಬ್ಬಿಸಿತು. ಕೊಬ್ಬರಿಯಲ್ಲಿ ಒಂದೊಂದು ಲಾಟಿಗೆ ಅದರದೇ ಬೆಲೆ, ಇಲ್ಲೇಕೆ ಹೀಗೆ? ಬರೆದಷ್ಟೇ ಕೊಡುವುದಾದರೆ ನೀನೇನು ಬರೆಯುತ್ತೀ ಎಂದು 2.50ರ ಹುಡುಗನನ್ನು ಕೇಳಿದೆ. "4.90 ಮಿಸ್." ಎಲ್ಲರಿಗೂ ಒಂದೇ ದರವೆಂದಾದರೆ ಊಹೆಯ ಆಟ ಕಡಿಮೆ, ತನ್ನ ಖರ್ಚನ್ನೇ ಬರೆದವನಿಗೆ ಮಾರಾಟ ಖಚಿತ. ಇನ್ನೊಂದು ವ್ಯತ್ಯಾಸವೂ ಇದೆ. ಕೊಬ್ಬರಿಯನ್ನು ಅಟ್ಟದಲ್ಲಿಟ್ಟು ಬೆಲೆ ಕಾಯಬಹುದು. ಕರೆಂಟನ್ನು ಹಾಗೆ ರಾಶಿ ಹಾಕಿಡಲಾಗದು. ಅದಕ್ಕೇ 2008ರಲ್ಲಿ ಆರಂಭವಾದ ಭಾರತೀಯ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಈಗ ನಾಳೆಯ ದಿನವನ್ನು ಹದಿನೈದು ನಿಮಿಷಗಳ 96 ತುಂಡುಗಳಾಗಿ ಹರಾಜು ಹಾಕುತ್ತಾರೆ. ದೇಶದ ಹೆಚ್ಚಿನ ವಿದ್ಯುತ್ತು ಇನ್ನೂ ದೀರ್ಘಾವಧಿ ಒಪ್ಪಂದಗಳಲ್ಲೇ ಮಾರಾಟವಾಗುತ್ತದೆ. ಇದನ್ನು ಹೇಳದಿದ್ದರೆ ಮಕ್ಕಳು ಎಲ್ಲವೂ ಹರಾಜೆಂದೇ ತಿಳಿಯುತ್ತಾರೆ.

ಎರಡನೇ ಹಂತದ ಬೋಧನಾಭ್ಯಾಸ ಹಳೇಬೀಡಿನಲ್ಲಿ. ಅಲ್ಲಿ ಬೇಲೂರು ರಸ್ತೆಯ ಹಳ್ಳಿಯ ಹುಡುಗನೊಬ್ಬ, "ನಮ್ಮಪ್ಪ ರಾತ್ರಿ ಪಂಪ್‌ಸೆಟ್ ಹಾಕೋಕೆ ಹೊಲಕ್ಕೆ ಹೋಗ್ತಾರೆ, ಹಾವಿನ ಭಯ. ಮಾರ್ಕೆಟ್‌ನಿಂದ ಅವರಿಗೇನು ಸಿಕ್ತು?" ಎಂದ. ಈ ಸಲ ಜಾರಿಕೊಳ್ಳಲಿಲ್ಲ. 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತ, ಹಣವನ್ನು ಸರ್ಕಾರ ಕಂಪನಿಗೆ ತುಂಬಿಕೊಡುತ್ತದೆ. ಹಾಗಾಗಿ ಹರಾಜಿನ ದರದ ಏರಿಳಿತ ಹೊಲದವರೆಗೆ ಬರುವುದಿಲ್ಲ, ಬರುವುದು ಕಂಪನಿ ಗೊತ್ತುಮಾಡಿದ ಗಂಟೆಗಳು ಮಾತ್ರ ಎಂದೆ. ಬಿಸಿಲಿನ ಹೊತ್ತು ಸೌರವಿದ್ಯುತ್ ಹೆಚ್ಚಿ ಹರಾಜಿನ ದರ ಇಳಿಯುತ್ತದೆ, ಸಂಜೆ ಏರುತ್ತದೆ ಎಂದೂ ಹೇಳಿದೆ.

"ಹಂಗಾದ್ರೆ ಹಗಲೇ ಕೊಡಬಹುದಲ್ಲ ಮಿಸ್?"

ದರ ಪರಿಷ್ಕರಣೆಗೆ ಮೊದಲು ಆಯೋಗ ಸಾರ್ವಜನಿಕರಿಂದ ಆಕ್ಷೇಪಣೆ ಕೇಳುತ್ತದೆ. ಮುಂದಿನ ಅವಧಿಯ ಚಟುವಟಿಕೆಯಾಗಿ ಅದನ್ನೇ ಬರೆಸಿದೆ. ಆ ಹುಡುಗ ತನ್ನದನ್ನು ನನಗೆ ಒಪ್ಪಿಸಲಿಲ್ಲ. ಅಪ್ಪನ ಸಹಿ ಹಾಕಿಸಬೇಕೆಂದು ಮನೆಗೆ ಒಯ್ದ.