ತಲೆದೀಪದ ಮರುಪೂರಣ ಬ್ಯಾಟರಿಗಳು

ತಲೆದೀಪವು ಪಟ್ಟಿಯ ನೆರವಿನಿಂದ ಹಣೆಯ ಮೇಲೆ ಧರಿಸುವ ವಿದ್ಯುತ್ ದೀಪವಾಗಿದೆ. ಇದನ್ನು ಧರಿಸಿದವರ ಎರಡೂ ಕೈಗಳು ಕೆಲಸಕ್ಕೆ ಬಿಡುವಾಗಿರುತ್ತವೆ. ಮುಖ ತಿರುಗಿದ ಕಡೆಗೆ ಬೆಳಕೂ ತಿರುಗುತ್ತದೆ. ಇಂದಿನ ಬಹುತೇಕ ತಲೆದೀಪಗಳು ಎಲ್‌ಇಡಿ ದೀಪಗಳಾಗಿದ್ದು, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಬ್ಯಾಟರಿಗಳಿಂದ ಉರಿಯುತ್ತವೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳಂತಹ ಕೃಷಿ ಪ್ರದೇಶಗಳಲ್ಲಿ ರಾತ್ರಿ ನೀರು ಹಾಯಿಸುವ ರೈತರಿಗೆ ಇದು ನಿತ್ಯದ ಉಪಕರಣವಾಗಿದೆ.

ಹೆಸರು

ಕನ್ನಡನಾಡಿನ ಹಳ್ಳಿಗಳಲ್ಲಿ ‘ಬ್ಯಾಟರಿ’ ಎಂದರೆ ಟಾರ್ಚ್ ಎಂದೇ ಅರ್ಥ; ಅದರೊಳಗೆ ಹಾಕುವ ವಿದ್ಯುತ್ಕೋಶವನ್ನು ‘ಶೆಲ್ಲು’ ಎನ್ನುತ್ತಾರೆ. ಆದುದರಿಂದ ತಲೆದೀಪವು ‘ತಲೆ ಬ್ಯಾಟರಿ’ ಅಥವಾ ‘ಹೆಡ್‌ಲೈಟ್’ ಎನಿಸಿಕೊಂಡಿದೆ. ಈ ಲೇಖನದಲ್ಲಿ ಬ್ಯಾಟರಿ ಎಂಬ ಪದವನ್ನು ವಿದ್ಯುತ್ಕೋಶ ಎಂಬ ಅರ್ಥದಲ್ಲಿ ಬಳಸಲಾಗಿದೆ.

ಹಿನ್ನೆಲೆ

ತಲೆಗೆ ದೀಪ ಕಟ್ಟಿಕೊಳ್ಳುವ ಪದ್ಧತಿ ಗಣಿಗಳಿಂದ ಬಂದುದು. ಕರ್ನಾಟಕದಲ್ಲಿ 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳಲ್ಲಿಯೂ, ಈಗಲೂ ನಡೆಯುತ್ತಿರುವ ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯಲ್ಲಿಯೂ ಟೋಪಿಯ ದೀಪವು ಕಾರ್ಮಿಕರ ಉಪಕರಣಗಳಲ್ಲಿ ಒಂದು. ಮರುಪೂರಣ ಮಾಡಬಹುದಾದ ಮೊದಲ ಬ್ಯಾಟರಿಯಾದ ಸೀಸ-ಆಮ್ಲ ಕೋಶವನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ನಿರ್ಮಿಸಿದರು. ಲಿಥಿಯಂ-ಅಯಾನ್ ಬ್ಯಾಟರಿಯನ್ನು 1991ರಲ್ಲಿ ಜಪಾನಿನ ಸೋನಿ ಸಂಸ್ಥೆಯು ಮಾರುಕಟ್ಟೆಗೆ ತಂದಿತು. ಅದರ ಅಭಿವೃದ್ಧಿಗಾಗಿ ಜಾನ್ ಗುಡೆನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಬೆಳಕು ನೀಡುವ ಎಲ್‌ಇಡಿ ಬಂದ ನಂತರ ತಲೆದೀಪವು ಹಗುರವಾಗಿ, ಅಗ್ಗವಾಗಿ ಹೊಲಗದ್ದೆಗಳನ್ನು ತಲುಪಿತು.

ಕೃಷಿಯಲ್ಲಿ ಬಳಕೆ

ಕೃಷಿ ಪಂಪ್‌ಸೆಟ್‌ಗಳಿಗೆ ದಿನಕ್ಕೆ 7 ಗಂಟೆಗಳ ಕಾಲ ಮೂರು ಫೇಸ್ ವಿದ್ಯುತ್ ಒದಗಿಸುವುದು ರಾಜ್ಯ ಸರ್ಕಾರದ ನೀತಿಯಾಗಿದ್ದು, ಇದನ್ನು ಪಾಳಿಯ ಮೇಲೆ ನೀಡಲಾಗುತ್ತದೆ. ರಾತ್ರಿ ಪಾಳಿ ಬಂದವರು ಕತ್ತಲೆಯಲ್ಲಿಯೇ ಮೋಟಾರು ಚಾಲೂ ಮಾಡಿ, ಮಡೆ ತಿರುಗಿಸಬೇಕಾಗುತ್ತದೆ. ಚನ್ನಗಿರಿಯ ಅಡಿಕೆ ತೋಟಗಳು, ಹೊನ್ನಾಳಿ ಮತ್ತು ಅದರಿಂದ ಬೇರ್ಪಟ್ಟ ನ್ಯಾಮತಿಯ ಭತ್ತದ ಗದ್ದೆಗಳು, ಮಳೆ ಕಡಿಮೆಯಿರುವ ಜಗಳೂರಿನ ಕೊಳವೆಬಾವಿ ಹೊಲಗಳು, ಈ ಮೂರು ಕಡೆಯೂ ಬೆಳೆ ಬೇರೆಯಾದರೂ ರಾತ್ರಿಯ ಕೆಲಸ ಒಂದೇ ಬಗೆಯದು. ಮೆಕ್ಕೆಜೋಳದ ಹೊಲದಲ್ಲಿ ಕಾಡುಹಂದಿಯ ಕಾವಲಿಗೂ, ಸುಗ್ಗಿಯ ದಿನಗಳಲ್ಲಿ ಅಡಿಕೆ ಸುಲಿಯುವಲ್ಲಿಯೂ ತಲೆದೀಪ ಬಳಕೆಯಲ್ಲಿದೆ.

ಇಂತಹ ಕೆಲಸದಲ್ಲಿ ದೀಪವು ನಡುವೆ ಆರಿದರೆ ಅಪಾಯ ಸಣ್ಣದಲ್ಲ. ಕಟ್ಟುಹಾವು ಮತ್ತು ಕೊಳಕುಮಂಡಲಗಳು ಹೆಚ್ಚಾಗಿ ರಾತ್ರಿಯಲ್ಲಿ ಸಂಚರಿಸುತ್ತವೆ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಬ್ಯಾಟರಿಯ ನಿರ್ವಹಣೆಯು ಇಲ್ಲಿ ಹಣದ ಉಳಿತಾಯಕ್ಕಿಂತ ಮಿಗಿಲಾಗಿ ಜೀವರಕ್ಷಣೆಯ ವಿಷಯವಾಗಿದೆ.

ಬ್ಯಾಟರಿಯ ವಿಧಗಳು

ಸೀಸ-ಆಮ್ಲ: ಸಂತೆ ಮತ್ತು ಅಂಗಡಿಗಳಲ್ಲಿ ದೊರೆಯುವ ಅಗ್ಗದ ತಲೆದೀಪಗಳಲ್ಲಿ ಸಾಮಾನ್ಯವಾಗಿ 4 ವೋಲ್ಟ್‌ನ ಮುಚ್ಚಿದ ಸೀಸ-ಆಮ್ಲ ಬ್ಯಾಟರಿ ಇರುತ್ತದೆ. ಇದು ತೂಕದ್ದು. ಚಾರ್ಜ್ ಇಳಿದ ಸ್ಥಿತಿಯಲ್ಲಿಯೇ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಬ್ಯಾಟರಿ ಪೂರ್ಣ ಚಾರ್ಜ್ ಹಿಡಿಯದು.

ನಿಕೆಲ್-ಲೋಹ ಹೈಡ್ರೈಡ್: ಸಾಮಾನ್ಯ ಪೆನ್ಸಿಲ್ ಶೆಲ್ಲಿನ ಗಾತ್ರದಲ್ಲಿ ಬರುವ ಇದರ ವೋಲ್ಟೇಜು 1.2. ಬಳಸದೆ ಇಟ್ಟರೂ ಇದರ ಚಾರ್ಜ್ ತಾನಾಗಿಯೇ ಸೋರುತ್ತದೆ. ಸೋರಿಕೆ ಕಡಿಮೆಯಿರುವ ಸುಧಾರಿತ ಕೋಶಗಳು 2005ರಿಂದ ಮಾರುಕಟ್ಟೆಯಲ್ಲಿವೆ.

ಲಿಥಿಯಂ-ಅಯಾನ್: ಹಗುರ ಮತ್ತು ಹೆಚ್ಚು ಶಕ್ತಿ ಹಿಡಿಯುವ ವಿಧ. ‘18650’ ಎಂಬ ಪ್ರಸಿದ್ಧ ಸಂಖ್ಯೆಯು ಅಳತೆಯನ್ನು ಸೂಚಿಸುತ್ತದೆ. ವ್ಯಾಸ 18 ಮಿ.ಮೀ., ಉದ್ದ 65 ಮಿ.ಮೀ. ಇದರ ಸರಾಸರಿ ವೋಲ್ಟೇಜು 3.6 ಅಥವಾ 3.7, ಪೂರ್ಣ ಚಾರ್ಜ್ ಆದಾಗ 4.2. ವೋಲ್ಟೇಜು 2.5ಕ್ಕಿಂತ ಕೆಳಗಿಳಿದರೆ ಕೋಶಕ್ಕೆ ಒಳಗಿಂದೊಳಗೆ ಶಾಶ್ವತ ಹಾನಿಯಾಗಬಹುದು.

ಸಾಮರ್ಥ್ಯ ಮತ್ತು ಉರಿಯುವ ಅವಧಿ

ಕೋಶದ ಮೇಲೆ ನಮೂದಿಸಿದ ಮಿಲಿಆಂಪಿಯರ್-ಗಂಟೆ ಅದರ ಸಾಮರ್ಥ್ಯದ ಅಳತೆ. ಅದನ್ನು 1000ದಿಂದ ಭಾಗಿಸಿ ವೋಲ್ಟೇಜಿನಿಂದ ಗುಣಿಸಿದರೆ ಶಕ್ತಿಯು ವ್ಯಾಟ್-ಗಂಟೆಗಳಲ್ಲಿ ದೊರೆಯುತ್ತದೆ. ಉದಾಹರಣೆಗೆ, 2500 ಮಿಲಿಆಂಪಿಯರ್-ಗಂಟೆಯ 3.7 ವೋಲ್ಟ್ ಕೋಶದಲ್ಲಿ 9.25 ವ್ಯಾಟ್-ಗಂಟೆ ಶಕ್ತಿಯಿದೆ. ಇದು 3 ವ್ಯಾಟ್ ದೀಪವನ್ನು ಲೆಕ್ಕದಲ್ಲಿ 3 ಗಂಟೆ ಉರಿಸುತ್ತದೆ. ಮಂಡಲದಲ್ಲಿ ಆಗುವ ನಷ್ಟದಿಂದಾಗಿ ವಾಸ್ತವ ಅವಧಿ ಇನ್ನೂ ಕಡಿಮೆ. ಅದೇ ದೀಪವನ್ನು 1 ವ್ಯಾಟ್‌ಗೆ ಇಳಿಸಿದರೆ ಸುಮಾರು 8 ಗಂಟೆ ಬರುತ್ತದೆ. ಹೀಗಾಗಿ 7 ಗಂಟೆಗಳ ಪಾಳಿಗೆ ಹೋಗುವವರು ನಡೆಯುವಾಗ ಮಂದ ಬೆಳಕನ್ನೂ, ಪರೀಕ್ಷಿಸಿ ನೋಡಬೇಕಾದೆಡೆ ಮಾತ್ರ ಪ್ರಖರ ಬೆಳಕನ್ನೂ ಬಳಸುವುದು ಸೂಕ್ತ.

18650 ಗಾತ್ರದ ಉತ್ತಮ ಕೋಶದ ಸಾಮರ್ಥ್ಯವು ಸುಮಾರು 3500 ಮಿಲಿಆಂಪಿಯರ್-ಗಂಟೆಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದೇ ಗಾತ್ರದ ಕೋಶದ ಮೇಲೆ 9900 ಎಂದು ಮುದ್ರಿಸಿದ್ದರೆ ಅದನ್ನು ನಂಬುವಂತಿಲ್ಲ.

ಬ್ಯಾಟರಿ ಮುಗಿಯುವ ರೀತಿಯೂ ಭಿನ್ನ. ಸೀಸ-ಆಮ್ಲ ದೀಪವು ಕ್ರಮೇಣ ಮಂಕಾಗಿ ಮುನ್ಸೂಚನೆ ಕೊಡುತ್ತದೆ. ರಕ್ಷಣಾ ಮಂಡಲವಿರುವ ಲಿಥಿಯಂ ದೀಪವು ಕೊನೆಯವರೆಗೆ ಚೆನ್ನಾಗಿ ಉರಿದು ಒಮ್ಮೆಲೇ ಆರಬಹುದು. ಆದುದರಿಂದ ಜೇಬಿನಲ್ಲಿ ಇನ್ನೊಂದು ಸಣ್ಣ ಟಾರ್ಚ್ ಇರುವುದು ಅವಶ್ಯ. ಅದರಿಂದ ಮತ್ತೊಂದು ಪ್ರಯೋಜನವೂ ಉಂಟು: ಹಣೆಯಿಂದ ಬೀಳುವ ಬೆಳಕಿನಲ್ಲಿ ವಸ್ತುಗಳ ನೆರಳು ಅವುಗಳ ಹಿಂದೆಯೇ ಮರೆಯಾಗಿ ನೆಲದ ಉಬ್ಬುತಗ್ಗು ತಿಳಿಯುವುದಿಲ್ಲ, ಸೊಂಟದ ಮಟ್ಟದಿಂದ ಬಿಟ್ಟ ಬೆಳಕಿನಲ್ಲಿ ಅದು ಸ್ಪಷ್ಟವಾಗುತ್ತದೆ.

ಚಾರ್ಜ್ ಮಾಡುವ ಕ್ರಮ

ಸೀಸ-ಆಮ್ಲ ಬ್ಯಾಟರಿಯನ್ನು ಪ್ರತಿ ಬಳಕೆಯ ನಂತರ, ಅದು ಅರ್ಧ ಮಾತ್ರ ಇಳಿದಿದ್ದರೂ, ಪೂರ್ಣವಾಗಿ ಚಾರ್ಜ್ ಮಾಡಬೇಕು. ಲಿಥಿಯಂ ಕೋಶಕ್ಕೆ ಈ ನಿಯಮವಿಲ್ಲ. ಅರೆಬರೆ ಚಾರ್ಜ್‌ನಿಂದ ಅದಕ್ಕೆ ಹಾನಿಯಿಲ್ಲ. ‘ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗೆ ಹಾಕಬೇಕು’ ಎಂಬ ನಂಬಿಕೆ ಹಳೆಯ ನಿಕೆಲ್-ಕ್ಯಾಡ್ಮಿಯಂ ಕೋಶಗಳ ಕಾಲದ್ದು. ಲಿಥಿಯಂ ಮತ್ತು ಸೀಸ-ಆಮ್ಲ ಬ್ಯಾಟರಿಗಳಿಗೆ ಆ ಅಭ್ಯಾಸ ಹಾನಿಕರ.

ಪದೇ ಪದೇ ವಿದ್ಯುತ್ ಕಡಿತವಾಗುವ ಊರುಗಳಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ನಿಕೆಲ್ ಕೋಶಗಳ ಕೆಲವು ಚಾರ್ಜರುಗಳು ಗಡಿಯಾರದ ಆಧಾರದಿಂದ ಮಾತ್ರ ನಿಲ್ಲುತ್ತವೆ. ಕರೆಂಟು ಹೋಗಿ ಬಂದಾಗಲೆಲ್ಲ ಅವು ಲೆಕ್ಕವನ್ನು ಮೊದಲಿನಿಂದ ಆರಂಭಿಸುವುದರಿಂದ ಕೋಶವು ಅತಿಯಾಗಿ ಚಾರ್ಜ್ ಆಗಿ ಕಾಯುತ್ತದೆ. ಪ್ರತಿ ಕೋಶದ ವೋಲ್ಟೇಜನ್ನು ಅಳೆದು ನಿಲ್ಲುವ ಚಾರ್ಜರು ಇಲ್ಲಿ ಮೇಲು.

ಅಗ್ಗದ ದೀಪಗಳಲ್ಲಿ ಅನೇಕವು ಟ್ರಾನ್ಸ್‌ಫಾರ್ಮರ್ ಇಲ್ಲದೆ ಗೋಡೆಯ ಪ್ಲಗ್ಗಿನಿಂದ ನೇರವಾಗಿ ಚಾರ್ಜ್ ಆಗುತ್ತವೆ. ಅವುಗಳ ಒಳಭಾಗಕ್ಕೆ ಮನೆಯ ವಿದ್ಯುತ್ತಿನ ಸಂಪರ್ಕ ಇರುವುದರಿಂದ, ಚಾರ್ಜ್ ಆಗುತ್ತಿರುವಾಗ ಬಿಚ್ಚುವುದು, ಒದ್ದೆ ಕೈಯಿಂದ ಮುಟ್ಟುವುದು ಅಥವಾ ತಲೆಗೆ ಧರಿಸುವುದು ಪ್ರಾಣಾಪಾಯಕಾರಿ. ಇವು ತಾನಾಗಿ ನಿಲ್ಲದ ಕಾರಣ ಹೆಚ್ಚು ಹೊತ್ತು ಬಿಡಲೂಬಾರದು.

ಸೌರಫಲಕದಿಂದ ಚಾರ್ಜ್ ಮಾಡುವಾಗ ಫಲಕವು ಬಿಸಿಲಿನಲ್ಲಿಯೂ ದೀಪವು ನೆರಳಿನಲ್ಲಿಯೂ ಇರಬೇಕು.

ಶೇಖರಣೆ ಮತ್ತು ಶುಚಿತ್ವ

ಬ್ಯಾಟರಿಯ ದೊಡ್ಡ ಶತ್ರು ತಾಪ. ಬೇಸಿಗೆಯಲ್ಲಿ ತಗಡಿನ ಪಂಪ್‌ಮನೆ, ಟ್ರ್ಯಾಕ್ಟರಿನ ಪೆಟ್ಟಿಗೆ, ಒಲೆಯ ಮೇಲಿನ ಗೂಡು ಇವು ದೀಪವಿಡಲು ತಕ್ಕ ಸ್ಥಳಗಳಲ್ಲ. ಮಳೆಗಾಲದಲ್ಲಿ ಬಳಕೆ ನಿಂತು ತಿಂಗಳುಗಟ್ಟಲೆ ಇಡುವುದಾದರೆ:

• ಸೀಸ-ಆಮ್ಲ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಇಟ್ಟು, ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಮಾಡಬೇಕು.
• ಲಿಥಿಯಂ ಕೋಶವನ್ನು ಸುಮಾರು ಅರ್ಧ ಚಾರ್ಜ್‌ನಲ್ಲಿ, ತಂಪಾದ ಒಣ ಸ್ಥಳದಲ್ಲಿಡಬೇಕು.
• ತೆಗೆಯಬಹುದಾದ ಕೋಶಗಳನ್ನು ದೀಪದಿಂದ ಹೊರತೆಗೆದು, ನಾಣ್ಯ ಅಥವಾ ಕೀಲಿ ತಾಗದಂತೆ ಡಬ್ಬಿಯಲ್ಲಿಡಬೇಕು.

ಕೆಸರು, ಬೆವರು ತಾಗಿದ ಸಂಪರ್ಕ ಬಿಂದುಗಳನ್ನು ಒಣ ಬಟ್ಟೆಯಿಂದ ಒರೆಸಬೇಕು. ಹಳೆಯ ಮತ್ತು ಹೊಸ ಕೋಶಗಳನ್ನು ಜೊತೆಗೆ ಹಾಕಬಾರದು. ಬಲಹೀನ ಕೋಶವು ಮೊದಲು ಖಾಲಿಯಾಗಿ, ಉಳಿದವುಗಳ ಒತ್ತಡಕ್ಕೆ ಸಿಕ್ಕಿ ಕೆಡುತ್ತದೆ. ಹಳೆಯ ಲ್ಯಾಪ್‌ಟಾಪಿನಿಂದ ಬಿಚ್ಚಿ ತೆಗೆದ ಕೋಶಗಳಲ್ಲಿ ರಕ್ಷಣಾ ಮಂಡಲ ಸಾಮಾನ್ಯವಾಗಿ ಇರುವುದಿಲ್ಲ.

ಅಪಾಯದ ಲಕ್ಷಣಗಳು ಮತ್ತು ವಿಲೇವಾರಿ

ಉಬ್ಬಿದ, ಹೊದಿಕೆ ಹರಿದ, ಜಜ್ಜಿದ ಅಥವಾ ಚಾರ್ಜ್ ಆಗುವಾಗ ಕೈಗೆ ಸುಡುವ ಲಿಥಿಯಂ ಕೋಶವನ್ನು ಮತ್ತೆ ಬಳಸಬಾರದು. ಮಲಗುವ ಕೋಣೆಯಲ್ಲಿ, ಹುಲ್ಲು ಅಥವಾ ಹಾಸಿಗೆಯ ಬಳಿ ರಾತ್ರಿಯಿಡೀ ಚಾರ್ಜಿಗೆ ಹಾಕುವುದು ಬೆಂಕಿಗೆ ಆಸ್ಪದ ಕೊಟ್ಟಂತೆ.

ಕೇಂದ್ರ ಸರ್ಕಾರದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಒಳಪಡಿಸುವ ಹೊಣೆ ಉತ್ಪಾದಕರದು. ಅವುಗಳನ್ನು ಮನೆಯ ಕಸದಿಂದ ಬೇರ್ಪಡಿಸಿ ಒಪ್ಪಿಸುವ ಕರ್ತವ್ಯ ಬಳಕೆದಾರರದು. ಅಡ್ಡಗೆರೆ ಎಳೆದ ಕಸದ ತೊಟ್ಟಿಯ ಚಿಹ್ನೆ ಇದನ್ನೇ ಸೂಚಿಸುತ್ತದೆ. ಸೀಸದ ಬ್ಯಾಟರಿಯನ್ನು ಮನೆಯಂಗಳದಲ್ಲಿ ಒಡೆದರೆ ಅಥವಾ ಸುಟ್ಟರೆ ಸೀಸವು ಮಣ್ಣಿಗೂ ಗಾಳಿಗೂ ಸೇರುತ್ತದೆ. ಅದರ ವಿಷವು ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ನಾಲೆ, ಕೆರೆ, ತಿಪ್ಪೆಗಳಿಗೆ ಯಾವ ವಿಧದ ಬ್ಯಾಟರಿಯನ್ನೂ ಎಸೆಯಬಾರದು.