ಎದೆನೋವನ್ನು 'ಗ್ಯಾಸ್' ಎಂದು ತಳ್ಳಿಹಾಕದಿರಿ
ಹಠಾತ್ ಹೃದಯ ಸ್ತಂಭನ – ಕಾರಣ ಮತ್ತು ಮುಂಜಾಗ್ರತೆ



ಕರು ಹಾಕಿದ ಮರುದಿನ ದನ ಹಾಲುಜ್ವರದಿಂದ ನೆಲ ಹಿಡಿದರೆ ನಾವು ಯಾರೂ "ಸಂಜೆ ತನಕ ನೋಡುವ" ಎಂದು ಕುಳಿತುಕೊಳ್ಳುವುದಿಲ್ಲ. ಕೂಡಲೇ ಪಶುವೈದ್ಯರನ್ನು ಕರೆಸುತ್ತೇವೆ. ಸಕಾಲದಲ್ಲಿ ಕ್ಯಾಲ್ಸಿಯಂ ಕೊಟ್ಟರೆ ದನ ಎದ್ದು ನಿಲ್ಲುತ್ತದೆ, ತಡವಾದರೆ ಕೈತಪ್ಪುತ್ತದೆ ಎಂಬುದು ನಮಗೆ ಅನುಭವದಿಂದ ಗೊತ್ತು. ಆದರೆ ಅದೇ ಹಟ್ಟಿಯಲ್ಲಿ ಹಾಲು ಕರೆಯುವವರಿಗೆ ಎದೆ ಬಿಗಿದು ಮೈ ಬೆವರಿದರೆ "ಗ್ಯಾಸ್ ಇರಬೇಕು" ಎಂದು ಓಮದ ನೀರು ಕುಡಿದು, ಕ್ಯಾನ್ ಹಿಡಿದುಕೊಂಡು ಸಂಘಕ್ಕೆ ಹೊರಡುತ್ತೇವೆ. ದನಕ್ಕೆ ತೋರಿಸುವ ಜಾಗ್ರತೆಯನ್ನು ನಮ್ಮ ಜೀವಕ್ಕೂ ತೋರಿಸಬೇಕೆಂಬುದೇ ಈ ಲೇಖನದ ಉದ್ದೇಶ.

ಎರಡು ತೊಂದರೆಗಳು

ಹೃದಯಾಘಾತ ಮತ್ತು ಹೃದಯ ಸ್ತಂಭನ ಒಂದೇ ಅಲ್ಲ. ತೋಟದ ಪಂಪ್‌ಸೆಟ್ಟನ್ನು ನೆನಪಿಸಿಕೊಳ್ಳಿ. ಪೈಪಿನಲ್ಲಿ ಕೆಸರು ಕಟ್ಟಿದರೆ ನೀರು ಬರುವುದಿಲ್ಲ; ಕರೆಂಟು ಕೆಟ್ಟರೆ ಪಂಪೇ ತಿರುಗುವುದಿಲ್ಲ. ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳದಲ್ಲಿ ಕೊಬ್ಬು ಕಟ್ಟಿ, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುವುದು ಹೃದಯಾಘಾತ. ಹೃದಯವನ್ನು ನಡೆಸುವ ವಿದ್ಯುತ್ ಸಂಚಾರ ತಪ್ಪಿ, ಹೃದಯ ಬರೀ ಅದುರುತ್ತಾ ರಕ್ತವನ್ನು ತಳ್ಳದೆ ನಿಲ್ಲುವುದು ಸ್ತಂಭನ. ಮೊದಲನೆಯದು ಎರಡನೆಯದಕ್ಕೆ ದಾರಿಯಾಗುತ್ತದೆ. ಮಧ್ಯವಯಸ್ಸು ದಾಟಿದವರಲ್ಲಿ ಹಠಾತ್ ಸಾವಿಗೆ ರಕ್ತನಾಳದ ಅಡಚಣೆಯೇ ಮುಖ್ಯ ಕಾರಣ. ಎಳೆಯರಲ್ಲಿ ಹುಟ್ಟಿನಿಂದ ಬಂದ ಹೃದಯ ಸ್ನಾಯುವಿನ ದಪ್ಪವೋ ವಿದ್ಯುತ್ ದೋಷವೋ ಕಾರಣವಾಗಬಹುದು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ನಾಡೇ ಬೆಚ್ಚಿತು. 2025ರ ಮೇ–ಜೂನ್‌ನಲ್ಲಿ ಹಾಸನ ಜಿಲ್ಲೆಯ ಸರಣಿ ಸಾವುಗಳು ಮತ್ತೆ ಭಯ ಹುಟ್ಟಿಸಿದವು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ಅವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದ್ದೇ ಅಲ್ಲ. ಉಳಿದ 20ರ ಹಿಂದೆ ಕಂಡದ್ದು ಹೊಸ ರೋಗವಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಮದ್ಯಪಾನ ಮುಂತಾದ ಹಳೆಯ ಶತ್ರುಗಳು. ಆದುದರಿಂದ ಭಯಪಡುವುದಕ್ಕಿಂತ ತಪಾಸಣೆ ಮಾಡಿಸುವುದು ಲೇಸು.

ಲಕ್ಷಣಗಳು

ಹೃದಯಾಘಾತಗಳು ಬೆಳಗಿನ ಹೊತ್ತಿನಲ್ಲಿ ಹೆಚ್ಚು. ಅದೇ ಹೊತ್ತಿನಲ್ಲಿ ನಾವು ಸೆಗಣಿ ತೆಗೆದು, ಹಾಲು ಕರೆದು, ಗುಡ್ಡ ಹತ್ತಿ ಸಂಘಕ್ಕೆ ಹೋಗುತ್ತೇವೆ. ಎದೆಯ ನಡುವೆ ಭಾರವಿಟ್ಟಂತೆ ಬಿಗಿತ, ಎಡಗೈ, ಭುಜ, ದವಡೆ ಅಥವಾ ಬೆನ್ನಿಗೆ ಹರಡುವ ನೋವು, ತಣ್ಣನೆಯ ಬೆವರು, ಉಬ್ಬಸ, ವಾಕರಿಕೆ – ಇವು ಎಚ್ಚರಿಕೆಯ ಗಂಟೆ. ಏರು ಹತ್ತುವಾಗ ಬಂದು, ಕುಳಿತರೆ ಇಳಿಯುವ ನೋವು ಕೂಡಾ ಗ್ಯಾಸ್ ಅಲ್ಲದಿರಬಹುದು. ಮಹಿಳೆಯರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಉಸಿರು ಕಟ್ಟುವಿಕೆ ಮಾತ್ರ ಕಾಣಬಹುದು. ಹಟ್ಟಿ ಕೆಲಸದ ಹೆಚ್ಚಿನ ಪಾಲು ಹೊರುವ ನಮ್ಮ ಅಕ್ಕ-ತಂಗಿಯರು ಇದನ್ನು ಗಮನಿಸಬೇಕು.

ಕೂಡಲೇ ಏನು ಮಾಡಬೇಕು?

ಕೆಲಸ ನಿಲ್ಲಿಸಿ ಕುಳಿತುಕೊಳ್ಳಿ. 108ಕ್ಕೆ ಕರೆ ಮಾಡಿ. ಸ್ವತಃ ಬೈಕ್ ಓಡಿಸಿಕೊಂಡು ಹೋಗಬೇಡಿ. ಮೊದಲು ಬೇಕಾದದ್ದು ಇಸಿಜಿ. ಇದಕ್ಕೆ ಮಂಗಳೂರಿನವರೆಗೆ ಬರಬೇಕಾಗಿಲ್ಲ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಆರಂಭಿಸಿದ 'ಕಾರ್ಡಿಯಾಲಜಿ ಎಟ್ ಡೋರ್‌ಸ್ಟೆಪ್' ಯೋಜನೆಯಡಿ ಹಲವು ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಉಚಿತವಾಗಿ ದೊರೆತಿದೆ. ಅಲ್ಲಿ ತೆಗೆದ ಇಸಿಜಿಯನ್ನು ವಾಟ್ಸಾಪ್‌ನಲ್ಲಿ ಕಳುಹಿಸಿದರೆ ತಜ್ಞರು ನೋಡಿ ಸಲಹೆ ಕೊಡುತ್ತಾರೆ. ಸರಕಾರದ 'ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ' ಯೋಜನೆಯಲ್ಲಿ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ತಾಲೂಕು ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುವ ಏರ್ಪಾಡಿದೆ. ಆದರೆ ಈ ಮದ್ದು ಬೇಗ ಸಿಕ್ಕಷ್ಟೂ ಹೃದಯದ ಹೆಚ್ಚು ಭಾಗ ಉಳಿಯುತ್ತದೆ. ಹಾಲು ತಣ್ಣಗಾಗಲು ತಡವಾದಷ್ಟೂ ಕೆಡುವಂತೆಯೇ ಇದು.

ಎದುರಿಗೇ ಕುಸಿದು ಬಿದ್ದರೆ

ಕರೆದರೆ ಓಗೊಡದೆ, ಉಸಿರಾಟ ನಿಂತಿದ್ದರೆ ಅಥವಾ ಏದುಸಿರಿನಂತೆ ಎಳೆಯುತ್ತಿದ್ದರೆ ಅದು ಹೃದಯ ಸ್ತಂಭನ. ಚಿಕಿತ್ಸೆ ಇಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುವ ಅವಕಾಶ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ. ಆಂಬುಲೆನ್ಸ್ ಬರುವ ತನಕ ಜೀವ ನಿಮ್ಮ ಕೈಯಲ್ಲಿದೆ.

1. ಒಬ್ಬರು 108ಕ್ಕೆ ಕರೆ ಮಾಡಲಿ. ರೋಗಿಯನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಬಾಯಿಗೆ ನೀರು ಹಾಕಬೇಡಿ.
2. ಎದೆಯ ನಡುವೆ ಒಂದು ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈಯಿಡಿ. ಮೊಣಕೈ ಮಡಚದಿರಲಿ.
3. ಎರಡು ಇಂಚು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಿ. ಪ್ರತಿ ಸಲ ಎದೆ ಪೂರ್ತಿ ಮೇಲೇಳಲು ಬಿಡಿ.
4. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಲಿ. ಸಹಾಯ ಬರುವ ತನಕ ನಿಲ್ಲಿಸಬೇಡಿ.

ಮುಂಜಾಗ್ರತೆ

ಕೆಚ್ಚಲು ಬಾವು ಕಣ್ಣಿಗೆ ಕಾಣುವ ಮೊದಲೇ ಹಾಲನ್ನು ಪರೀಕ್ಷಿಸುತ್ತೇವಲ್ಲವೇ? ಹಾಗೆಯೇ 30 ವರ್ಷ ದಾಟಿದವರು ವರ್ಷಕ್ಕೊಮ್ಮೆ ರಕ್ತದೊತ್ತಡ ಮತ್ತು ಸಕ್ಕರೆಯನ್ನು ನೋಡಿಸಿಕೊಳ್ಳಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದು ಉಚಿತ. ರಕ್ತದೊತ್ತಡ 140/90 ದಾಟಿದ್ದರೆ ವೈದ್ಯರನ್ನು ಕಾಣಿ. ಕೊಟ್ಟ ಮಾತ್ರೆಯನ್ನು "ಈಗ ಹುಷಾರಿದ್ದೇನೆ" ಎಂದು ನಿಲ್ಲಿಸಬೇಡಿ. ಬೀಡಿ, ಸಿಗರೇಟು, ಹೊಗೆಸೊಪ್ಪು ಬಿಡಿ. ಗಂಜಿಯ ಜೊತೆಗಿನ ಉಪ್ಪಿನಕಾಯಿ, ಒಣಮೀನು, ಹಪ್ಪಳದ ಉಪ್ಪೂ ಲೆಕ್ಕಕ್ಕೆ ಬರುತ್ತದೆ. ದಿನಕ್ಕೆ ಎಲ್ಲ ಸೇರಿ ಒಂದು ಚಮಚ ಉಪ್ಪು ಸಾಕು. ಮನೆಯಲ್ಲಿ ಎಳೆ ಪ್ರಾಯದಲ್ಲಿ ಯಾರಾದರೂ ಹಠಾತ್ತಾಗಿ ತೀರಿಕೊಂಡಿದ್ದರೆ, ಆಟ-ಓಟದ ನಡುವೆ ಮಕ್ಕಳು ತಲೆತಿರುಗಿ ಬಿದ್ದಿದ್ದರೆ, ಹೃದಯ ತಜ್ಞರಿಗೆ ತೋರಿಸಿ.

ಸಂಘದಿಂದ ಆಗಬೇಕಾದ್ದು

ಬೆಳಗ್ಗೆ-ಸಂಜೆ ಊರಿನವರು ತಪ್ಪದೆ ಸೇರುವ ಜಾಗ ನಮ್ಮ ಹಾಲಿನ ಸಂಘ. ಅಲ್ಲಿನ ಹಲಗೆಯ ಮೇಲೆ 108 ಸಂಖ್ಯೆಯನ್ನೂ, ಇಸಿಜಿ ಸೌಲಭ್ಯವಿರುವ ಹತ್ತಿರದ ಆಸ್ಪತ್ರೆಯ ಹೆಸರನ್ನೂ ಬರೆದಿಡಿ. ಹಾಲು ಪರೀಕ್ಷಕರು, ಕಾರ್ಯದರ್ಶಿ ಮತ್ತು ಇಬ್ಬರು ಯುವ ಸದಸ್ಯರು ಎದೆ ಒತ್ತುವ ಕ್ರಮವನ್ನು ವೈದ್ಯರಿಂದ ಕಲಿತಿರಲಿ. ಸಹಕಾರಿಗಳಿಗಾಗಿ 2003ರಲ್ಲಿ ಜಾರಿಗೆ ಬಂದು, ನಡುವೆ ನಿಂತು, 2022-23ರಲ್ಲಿ ಮತ್ತೆ ಆರಂಭವಾದ ಯಶಸ್ವಿನಿ ಯೋಜನೆಯ ನೋಂದಣಿ ಬಗ್ಗೆ ಕಾರ್ಯದರ್ಶಿಯವರಲ್ಲಿ ವಿಚಾರಿಸಿ.

ಹಾಲು ಒಂದು ಹೊತ್ತು ತಪ್ಪಿದರೆ ನಾಳೆ ಹಾಕಬಹುದು. ಎದೆ ನೋಯುವ ದಿನ ಕ್ಯಾನ್ ಕೆಳಗಿಡಿ, ಆಸ್ಪತ್ರೆಗೆ ಹೊರಡಿ.